ಯಾರ ಗುದ್ದು ಗಟ್ಟಿ? ಎಪ್ಪತ್ತರ ದಶಕದ ಹೆವಿವೇಟ್ ಮುಷ್ಟಿಗಳು

ಜರಗನಹಳ್ಳಿಯಿಂದ ಸಾರಕ್ಕಿ ಸಿಗ್ನಲ್ ಕಡೆಗೆ ಕನಕಪುರ ರಸ್ತೆ ಹಿಡಿದು ಹೋದರೆ ಅಂಗಡಿಗಳ ಮೇಲಿನ ಮಹಡಿಗಳಲ್ಲಿ ಜಿಮ್‌ಗಳ ಬೋರ್ಡುಗಳು ಕಾಣುತ್ತವೆ. ಡಂಬೆಲ್ಸ್, ಬಾರ್‌ಗಳ ಜೊತೆಗೆ ಮೂಲೆಯಲ್ಲೊಂದು ಪಂಚಿಂಗ್ ಬ್ಯಾಗ್ ನೇತುಹಾಕುವುದು ಈಗ ವಾಡಿಕೆಯಾಗಿದೆ. ಬ್ಯಾಗಿಗೆ ಗುದ್ದಿ ಸುಸ್ತಾದ ಹುಡುಗರು ಮೊಬೈಲಿನಲ್ಲಿ ಹಳೆಯ ಪಂದ್ಯಗಳನ್ನು ನೋಡುತ್ತಾರೆ, ನೋಡುತ್ತ ವಾದಕ್ಕಿಳಿಯುತ್ತಾರೆ. ಫೋರ್ಮನ್ ಗುದ್ದು ಗಟ್ಟಿಯೋ, ಶೇವರ್ಸ್ ಗುದ್ದು ಗಟ್ಟಿಯೋ? ಫ್ರೇಜಿಯರ್‌ನ ಎಡಗೈ ಇವೆರಡಕ್ಕೂ ಮಿಗಿಲಲ್ಲವೋ? ಇವರ ಅಜ್ಜಂದಿರ ಕಾಲದಲ್ಲಿ ಈ ವಾದಕ್ಕೆ ಆಧಾರವಾಗಿದ್ದದ್ದು ಪತ್ರಿಕೆಯ ಕ್ರೀಡಾಪುಟದ ನಾಲ್ಕು ಸಾಲು ಮತ್ತು ಒಂದು ಮಸುಕು ಚಿತ್ರ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದೇ 1981ರಲ್ಲಿ. ಅಷ್ಟು ಹೊತ್ತಿಗೆ ಆ ಯುಗವೇ ಮುಗಿದಿತ್ತು. ಈಗ ಪಂದ್ಯಗಳೆಲ್ಲ ಅಂಗೈಯಲ್ಲಿವೆ. ಹಾಗಿದ್ದೂ ವಾದ ಬಗೆಹರಿದಿಲ್ಲ, ಏಕೆಂದರೆ ಗುದ್ದನ್ನು ಯಾವುದರಿಂದ ಅಳೆಯಬೇಕು ಎಂಬುದನ್ನು ಯಾರೂ ಮೊದಲು ತೀರ್ಮಾನಿಸಿಕೊಳ್ಳುವುದಿಲ್ಲ.

ಈ ಲೇಖನದ ಹರವು 1970ರ ಫೆಬ್ರವರಿಯಿಂದ 1979ರ ಸೆಪ್ಟೆಂಬರ್‌ವರೆಗೆ. ಆ ಫೆಬ್ರವರಿಯಲ್ಲಿ ಜೋ ಫ್ರೇಜಿಯರ್ ಜಿಮ್ಮಿ ಎಲ್ಲಿಸ್‌ನನ್ನು ಮಣಿಸಿ ಹೆವಿವೇಟ್ ಪಟ್ಟಕ್ಕೆ ಏಕೈಕ ಒಡೆಯನಾದ. ಆ ಸೆಪ್ಟೆಂಬರ್‌ನಲ್ಲಿ ಅರ್ನಿ ಶೇವರ್ಸ್ ಬಲಗೈ ಬೀಸಿ ಲ್ಯಾರಿ ಹೋಮ್ಸ್‌ನನ್ನು ನೆಲಕ್ಕೆ ಕೆಡವಿದ, ಆದರೂ ಗೆಲ್ಲಲಾಗಲಿಲ್ಲ. ಈ ನಡುವಿನ ಹತ್ತು ವರ್ಷದಲ್ಲಿ ಗಟ್ಟಿ ಕೈಯವರು ಇಷ್ಟು ಮಂದಿ ಒಟ್ಟಿಗೆ ಇದ್ದರು, ಮತ್ತು ಬಹುಮಟ್ಟಿಗೆ ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳದೆ ಎದುರಿಸಿದರು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಕಾಲ ಹೆವಿವೇಟ್ ಚರಿತ್ರೆಯಲ್ಲಿ ಸಿಗುವುದಿಲ್ಲ.

ಅಮೆರಿಕಕ್ಕೆ ಹೋಗುವ ಮೊದಲು ಮೈಸೂರಿಗೆ ಹೋಗಿ ಬರಬೇಕು. ಗುದ್ದಿನ ಲೆಕ್ಕ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗವಿದೆ. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ದರ್ಜೆಗೆ ವಿಂಗಡಿಸಲಾಗಿದೆ. ಹಂಪಿಯ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಮುಂದೆ ನಡೆದ ಮಲ್ಲರ ಕಾಳಗದಲ್ಲಿ ಹಲ್ಲು ಮುರಿಯುವ, ಕಣ್ಣು ಕೀಳುವ, ಮುಖ ವಿಕಾರಗೊಳಿಸುವ ಏಟುಗಳು ಬೀಳುತ್ತಿದ್ದವೆಂದು ದಾಖಲಿಸಿದ್ದಾನೆ. ಅವನ ನಂತರ ಬಂದ ನೂನಿಜ್, ಮಲ್ಲರ ಕೈಯಲ್ಲಿ ಮೊನೆಗಳಿದ್ದ ಬಳೆಯಂಥ ಆಯುಧವಿತ್ತು ಎನ್ನುತ್ತಾನೆ.

ಅದೇ ವಜ್ರಮುಷ್ಟಿ. ವಿಜಯನಗರ ಅಳಿದ ಮೇಲೆ ದಸರೆಯೊಡನೆ ಅದೂ ಶ್ರೀರಂಗಪಟ್ಟಣಕ್ಕೆ, ಆಮೇಲೆ ಮೈಸೂರಿಗೆ ಬಂತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ, ಎಮ್ಮೆಯ ಕೊಂಬಿನಿಂದ ಮಾಡಿ ಬೆರಳ ಗೆಣ್ಣುಗಳ ಮೇಲೆ ಕೂರಿಸುತ್ತಿದ್ದ ನಾಲ್ಕು ಮೊನೆಯ ಈ ಸಾಧನವನ್ನು ವರ್ಣಿಸಿದ್ದಾನೆ. ಇಂದಿಗೂ ವಿಜಯದಶಮಿಯ ಬೆಳಿಗ್ಗೆ ಅರಮನೆಯ ಒಳಾಂಗಣದಲ್ಲಿ ಮಣ್ಣು ಹದಮಾಡಿದ ಅಖಾಡ ಸಿದ್ಧವಾಗುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳವರು ತಲೆ ಬೋಳಿಸಿಕೊಂಡು, ಕಚ್ಚೆ ಬಿಗಿದು, ಬಲಗೈಗೆ ವಜ್ರಮುಷ್ಟಿ ತೊಟ್ಟು ಎದುರುಬದುರು ನಿಲ್ಲುತ್ತಾರೆ. ಒಬ್ಬನ ತಲೆಯಿಂದ ರಕ್ತ ಜಿನುಗಿದ್ದು ಕಂಡ ಕೂಡಲೇ ಉಸ್ತಾದರು ನುಗ್ಗಿ ಇಬ್ಬರನ್ನೂ ಬಿಡಿಸುತ್ತಾರೆ. ಕಾಳಗ ಒಂದು ನಿಮಿಷವನ್ನೂ ದಾಟದೆ ಮುಗಿಯುವುದೇ ಹೆಚ್ಚು. ಆ ಬಳಿಕವೇ ರಾಜಮನೆತನದವರು ಬನ್ನಿಪೂಜೆಗೆ ಹೊರಡುವುದು.

ಈ ಕಾಳಗದಲ್ಲಿ ಏಟಿನ ಭಾರಕ್ಕೆ ಬೆಲೆಯೇ ಇಲ್ಲ ಎಂಬುದನ್ನು ಗಮನಿಸಬೇಕು. ಎದುರಾಳಿ ಕುಸಿಯಬೇಕಿಲ್ಲ, ಪ್ರಜ್ಞೆ ತಪ್ಪಬೇಕಿಲ್ಲ. ಒಂದು ಹನಿ ರಕ್ತ ಸಾಕು. ಮೊನಚು ಆಯುಧ ಚರ್ಮವನ್ನು ಬೇಗ ಸೀಳುತ್ತದೆ, ಹಾಗಾಗಿ ಆಟ ಬೇಗ ನಿಲ್ಲುತ್ತದೆ, ತಲೆಯ ಒಳಗಿನ ಮೆದುಳು ಉಳಿಯುತ್ತದೆ. ಬಾಕ್ಸಿಂಗ್‌ನಲ್ಲಿ ಇದು ತಿರುವುಮುರುವು. ಗ್ಲೌಸ್ ಕಾಪಾಡುವುದು ಹೊಡೆಯುವವನ ಗೆಣ್ಣುಗಳನ್ನು. ಬರಿಗೈಯಲ್ಲಿ ತಲೆಬುರುಡೆಗೆ ಪೂರ್ತಿ ಬಲದಿಂದ ಗುದ್ದಿದರೆ ಕೈಮೂಳೆ ಮುರಿಯುತ್ತದೆ. ಗ್ಲೌಸ್ ತೊಟ್ಟವನು ಆ ಭಯವಿಲ್ಲದೆ ಸುತ್ತಿನ ಮೇಲೆ ಸುತ್ತು ತಲೆಗೇ ಹೊಡೆಯಬಹುದು. ಹೊರಗೆ ರಕ್ತ ಕಾಣದಿದ್ದರೂ ಒಳಗೆ ಮೆದುಳು ಬುರುಡೆಯಲ್ಲಿ ಅಲುಗಾಡುತ್ತದೆ. ನಾಕೌಟ್ ಎಂದು ನಾವು ಕೂಗುವುದು ಈ ಅಲುಗಾಟಕ್ಕೆ: ಗದ್ದದ ತುದಿಗೆ ಬಿದ್ದ ಏಟು ತಲೆಯನ್ನು ಥಟ್ಟನೆ ತಿರುಗಿಸುತ್ತದೆ, ಮೆದುಳು ಆ ತಿರುವಿಗೆ ಹೊಂದಿಕೊಳ್ಳಲಾರದೆ ಕ್ಷಣಕಾಲ ಕೆಲಸ ನಿಲ್ಲಿಸುತ್ತದೆ. ಗಟ್ಟಿ ಹೊಡೆತದವರ ಪಟ್ಟಿ ಮಾಡುವವರು ಯಾವುದರ ಪಟ್ಟಿ ಮಾಡುತ್ತಿದ್ದೇವೆಂಬ ಅರಿವಿಟ್ಟುಕೊಂಡೇ ಮಾಡಬೇಕು.

ಇನ್ನು ಅಳತೆಗೋಲು. ಎಲ್ಲರೂ ಮೊದಲು ನೋಡುವುದು ನಾಕೌಟ್‌ಗಳ ಸಂಖ್ಯೆ. ಇದರಷ್ಟು ದಾರಿ ತಪ್ಪಿಸುವ ಅಂಕಿ ಇನ್ನೊಂದಿಲ್ಲ. ಕ್ಯಾಲಿಫೋರ್ನಿಯದ ಮ್ಯಾಕ್ ಫಾಸ್ಟರ್ 1970ರ ನಡುಭಾಗಕ್ಕೆ ಬರುವಾಗ 24 ಪಂದ್ಯ ಆಡಿ 24ನ್ನೂ ನಾಕೌಟ್‌ನಿಂದಲೇ ಗೆದ್ದಿದ್ದ. ಕಾಗದದ ಮೇಲೆ ಅವನಿಗಿಂತ ಗಟ್ಟಿ ಕೈ ಇಲ್ಲ. ಆ ಜೂನ್‌ನಲ್ಲಿ ಜೆರ್ರಿ ಕ್ವಾರಿ ಅವನನ್ನು ಆರನೆಯ ಸುತ್ತಿನಲ್ಲಿ ಮಲಗಿಸಿದ. 1972ರ ಏಪ್ರಿಲ್‌ನಲ್ಲಿ ಟೋಕಿಯೊದಲ್ಲಿ ಮುಹಮ್ಮದ್ ಅಲಿಯೆದುರು ಹದಿನೈದು ಸುತ್ತು ಆಡಿದ ಫಾಸ್ಟರ್, ಅಲಿಯನ್ನು ಅಲುಗಿಸಲೂ ಆಗದೆ ಸೋತ. ಯಾರನ್ನು ಕೆಡವಿದ ಎಂಬುದು ಗೊತ್ತಿಲ್ಲದೆ ಎಷ್ಟು ಮಂದಿಯನ್ನು ಕೆಡವಿದ ಎಂಬುದಕ್ಕೆ ಅರ್ಥವಿಲ್ಲ.

ಮೈತೂಕವೂ ನಂಬತಕ್ಕದ್ದಲ್ಲ. ಕಿಂಗ್‌ಸ್ಟನ್‌ನಲ್ಲಿ ಫೋರ್ಮನ್–ಫ್ರೇಜಿಯರ್ ಮುಖಾಮುಖಿಯಾದಾಗ ಒಬ್ಬ ಸುಮಾರು 98 ಕಿಲೊ, ಇನ್ನೊಬ್ಬ 97. ಒಂದೆರಡು ಕಿಲೊ ಅಂತರದ ಆ ಇಬ್ಬರ ನಡುವೆ ಆ ರಾತ್ರಿ ಕಂಡ ಬಲದ ಅಂತರ ಎಂಥದೆಂದು ಮುಂದೆ ನೋಡೋಣ. ಗುದ್ದು ಪಾದದಲ್ಲಿ ಹುಟ್ಟುತ್ತದೆ. ಹಿಂಗಾಲು ನೆಲವನ್ನು ಒತ್ತಿ, ಸೊಂಟ ತಿರುಗಿ, ಭುಜ ಹಿಂಬಾಲಿಸಿ, ಕೊನೆಗೆ ಗೆಣ್ಣು ತಲುಪುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ನೂರು ಕಿಲೊ ಮೈ ಉಪಯೋಗಕ್ಕೆ ಬಾರದು. ಗರಡಿಯಲ್ಲಿ ಕಾಲು ಕಟ್ಟದೆ ಪಟ್ಟು ಹೇಳಿಕೊಡದ ಉಸ್ತಾದರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಉಳಿಯುವುದು ಎರಡು ಸಾಕ್ಷಿ. ಒಂದು, ಸುಲಭಕ್ಕೆ ಬೀಳದವರು ಯಾರ ಏಟಿಗೆ ಬಿದ್ದರು ಎಂಬುದು. ಇನ್ನೊಂದು, ಹಲವರ ಏಟು ತಿಂದವರು ಯಾರ ಹೆಸರು ಹೇಳುತ್ತಾರೆ ಎಂಬುದು. ಎರಡಕ್ಕೂ ಈ ದಶಕದಲ್ಲಿ ದೊಡ್ಡ ಸಾಕ್ಷಿ ಅಲಿಯೇ. ಫ್ರೇಜಿಯರ್, ಫೋರ್ಮನ್, ನಾರ್ಟನ್, ಲೈಲ್, ಶೇವರ್ಸ್ ಎಲ್ಲರ ಕೈರುಚಿ ಕಂಡ ಏಕೈಕ ದೇಹ ಅವನದು. ಕೆನಡಾದ ಜಾರ್ಜ್ ಚುವಾಲೊ ಇನ್ನೊಬ್ಬ. ಬಾಳಿಡೀ ಒಮ್ಮೆಯೂ ನೆಲಕ್ಕೆ ಬೀಳದ ಆ ಕಲ್ಲುಗದ್ದದವನನ್ನು ಫ್ರೇಜಿಯರ್ ನಾಲ್ಕನೆಯ ಸುತ್ತಿನಲ್ಲಿ, 1970ರ ಆಗಸ್ಟ್‌ನಲ್ಲಿ ಫೋರ್ಮನ್ ಮೂರನೆಯ ಸುತ್ತಿನಲ್ಲಿ ನಿಂತಲ್ಲೇ ಜಜ್ಜಿದರು. ಎರಡು ಸಲವೂ ರೆಫರಿಯೇ ಪಂದ್ಯ ನಿಲ್ಲಿಸಬೇಕಾಯಿತು.

ಫ್ರೇಜಿಯರ್‌ನಿಂದ ತೊಡಗೋಣ. ದಕ್ಷಿಣ ಕೆರೊಲಿನಾದ ಬಡ ರೈತ ಕುಟುಂಬದ ಹುಡುಗ. ಚಿಕ್ಕಂದಿನಲ್ಲಿ ಹಂದಿಯೊಂದು ಅಟ್ಟಿಸಿಕೊಂಡು ಬಂದಾಗ ಬಿದ್ದು ಎಡಗೈಗೆ ಪೆಟ್ಟಾಯಿತು. ಚಿಕಿತ್ಸೆಗೆ ಹಣವಿಲ್ಲದೆ ಕೈ ಸೊಟ್ಟಗೇ ಕೂಡಿಕೊಂಡಿತು, ಮತ್ತೆ ಪೂರ್ತಿ ನೇರವಾಗಲಿಲ್ಲ. ಆ ಬಾಗಿದ ಕೈಯೇ ಮುಂದೆ ಲೆಫ್ಟ್ ಹುಕ್‌ಗೆ ಹೇಳಿ ಮಾಡಿಸಿದಂತಾಯಿತು. ಫಿಲಡೆಲ್ಫಿಯದ ಕಸಾಯಿಖಾನೆಯಲ್ಲಿ ಕೆಲಸ ಮಾಡುತ್ತ, ತೂಗುಹಾಕಿದ ಮಾಂಸದ ತುಂಡುಗಳಿಗೇ ಗುದ್ದಿ ಅಭ್ಯಾಸ ಮಾಡಿದವನು. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ಚಿನ್ನ ಗೆದ್ದ. 1971ರ ಮಾರ್ಚ್ 8ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಹದಿನಾಲ್ಕು ಸುತ್ತು ಏಟು ತಿಂದು ಏಟು ಕೊಟ್ಟು ಕಾಲು ಸೋತಿದ್ದ ಹೊತ್ತಿನಲ್ಲಿ, ಕೊನೆಯ ಸುತ್ತು ಶುರುವಾಗುತ್ತಿದ್ದಂತೆ ಅವನು ಮೊಣಕಾಲು ಮಡಿಸಿ ಕೆಳಗಿನಿಂದ ಎಡಗೈ ಎತ್ತಿದ. ಅಲಿ ಅಂಗಾತ ಬಿದ್ದ. ಕಾಲಿನ ಕೆಂಪು ಕುಚ್ಚುಗಳು ಗಾಳಿಯಲ್ಲಿ ಹಾರಿದವು. ಅಲಿ ಕೂಡಲೇ ಎದ್ದ ಎಂಬುದು ನಿಜ, ಅದು ಅಲಿಯ ದೊಡ್ಡತನ. ಆದರೆ ಆ ಇಡೀ ದಶಕದಲ್ಲಿ ಅಲಿಯನ್ನು ಅನುಮಾನಕ್ಕೆಡೆಯಿಲ್ಲದೆ ನೆಲಕ್ಕೆ ಕೆಡವಿದ್ದು ಆ ಒಂದೇ ಏಟು. 1975ರಲ್ಲಿ ಚಕ್ ವೆಪ್ನರ್ ಕೆಡವಿದನೆಂಬುದು ವಿವಾದದ ಮಾತು, ಕಾಲು ತುಳಿದದ್ದರಿಂದ ಬಿದ್ದದ್ದೆಂದು ಅಲಿ ಕೊನೆಯವರೆಗೂ ಹೇಳಿದ.

ಫ್ರೇಜಿಯರ್‌ಗೆ ಒಂದು ಕೊರತೆಯೂ ಇದೆ. ಅವನ ಬಲಗೈ ಎಡಗೈಯ ಮಟ್ಟಕ್ಕೆ ಬರಲಿಲ್ಲ. ಹುಕ್ ಹೊಡೆಯಬೇಕಾದರೆ ಎದುರಾಳಿಯ ಎದೆಗೆ ಹೋಗಿ ನಿಲ್ಲಬೇಕು, ದಾರಿಯಲ್ಲಿ ಬೀಳುವ ಏಟನ್ನೆಲ್ಲ ಹೊತ್ತುಕೊಳ್ಳಬೇಕು. ಈ ದರ ತೆರಲು ಅವನು ಎಂದೂ ಹಿಂಜರಿಯಲಿಲ್ಲ. ಕಿಂಗ್‌ಸ್ಟನ್‌ನಲ್ಲಿ ಮಾತ್ರ ಅದು ಕೈಗೆಟುಕದಷ್ಟು ದುಬಾರಿಯಾಯಿತು.

1973ರ ಜನವರಿ 22, ಜಮೈಕಾದ ಕಿಂಗ್‌ಸ್ಟನ್. 29 ಪಂದ್ಯಗಳಲ್ಲಿ ಸೋಲು ಕಾಣದ ಚಾಂಪಿಯನ್ ಫ್ರೇಜಿಯರ್. ಎದುರಿಗೆ ಟೆಕ್ಸಾಸ್‌ನ ಜಾರ್ಜ್ ಫೋರ್ಮನ್, 1968ರ ಮೆಕ್ಸಿಕೊ ಒಲಿಂಪಿಕ್ಸ್ ಚಿನ್ನದವನು. ಎರಡನೆಯ ಸುತ್ತು ಮುಗಿಯುವುದರೊಳಗೆ ಫ್ರೇಜಿಯರ್ ಆರು ಬಾರಿ ನೆಲ ಕಂಡಿದ್ದ, ಸುತ್ತಿಗೆ ಮೂರರಂತೆ. ಒಂದು ಏಟಿಗಂತೂ ಅವನ ಎರಡೂ ಪಾದ ಕ್ಯಾನ್ವಾಸ್‌ನಿಂದ ಮೇಲೆದ್ದವು. ಈ ಪಂದ್ಯವನ್ನು ನಿಧಾನಗತಿಯಲ್ಲಿ ನೋಡಿದರೆ ಫೋರ್ಮನ್‌ನ ಕೈಚಳಕ ತಿಳಿಯುತ್ತದೆ. ಫ್ರೇಜಿಯರ್ ತಗ್ಗಿ ಒಳಬಂದಾಗಲೆಲ್ಲ ಅವನು ಎರಡೂ ಅಂಗೈ ಚಾಚಿ ಭುಜವನ್ನು ಹಿಂದಕ್ಕೆ ತಳ್ಳುತ್ತಾನೆ. ಹಾಗೆ ತಳ್ಳಿ ತನ್ನ ಕೈಯಳತೆಯ ದೂರವನ್ನು ತಾನೇ ಮಾಡಿಕೊಳ್ಳುತ್ತಾನೆ, ಮರುಕ್ಷಣ ಕೆಳಗಿನಿಂದ ಅಪ್ಪರ್‌ಕಟ್. ತಗ್ಗಿದ ತಲೆಗೆ ಅದು ತಾನಾಗಿ ಎದುರಾಗುತ್ತದೆ. ಒರಟು ಬಲವೆಂದು ಕಾಣುವ ಕಡೆ ಲೆಕ್ಕಾಚಾರವಿತ್ತು.

ಮರುವರ್ಷ ಮಾರ್ಚ್‌ನಲ್ಲಿ ಕರಾಕಸ್‌ನಲ್ಲಿ ಕೆನ್ ನಾರ್ಟನ್ ಎರಡನೆಯ ಸುತ್ತಿಗೇ ಮುಗಿದ. ಒಂದು ವರ್ಷದ ಹಿಂದೆ ಅಲಿಯ ದವಡೆ ಮುರಿದು ಗೆದ್ದಿದ್ದ ನಾರ್ಟನ್! 40 ಪಂದ್ಯ, 40 ಗೆಲುವು, 37 ನಾಕೌಟ್, ಇದು ಕಿನ್ಶಾಸಾಗೆ ಹೊರಟ ಫೋರ್ಮನ್‌ನ ಖಾತೆ. ಅಲ್ಲಿ 1974ರ ಅಕ್ಟೋಬರ್ 30ರಂದು ಅಲಿ ಹಗ್ಗಕ್ಕೆ ಒರಗಿ, ತೋಳುಗಳನ್ನೇ ಗುರಾಣಿ ಮಾಡಿಕೊಂಡು, ಆ ಗುದ್ದುಗಳನ್ನೆಲ್ಲ ಖರ್ಚಾಗಲು ಬಿಟ್ಟು ಎಂಟನೆಯ ಸುತ್ತಿನಲ್ಲಿ ಅವನನ್ನು ಮಲಗಿಸಿದ. ಆ ಸೋಲನ್ನು ಫೋರ್ಮನ್‌ನ ಗುದ್ದಿನ ವಿರುದ್ಧದ ಸಾಕ್ಷಿಯಾಗಿ ಮುಂದಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವನೆದುರು ಬಿಡುಬೀಸಾಗಿ ನಿಂತು ಆಡಲು ಹೋಗದೆ ಹಗ್ಗದ ಮೊರೆಹೊಕ್ಕದ್ದೇ ಆ ಗುದ್ದಿಗೆ ಅಲಿ ಸಲ್ಲಿಸಿದ ಗೌರವ. ಸೋತದ್ದು ಉಸಿರು.

ರಾನ್ ಲೈಲ್ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆನಿಸುತ್ತದೆ. ಕೊಲರಾಡೊದ ಜೈಲಿನಲ್ಲಿ ಬಾಕ್ಸಿಂಗ್ ಕಲಿತು, ಅಲ್ಲಿಯೇ ಚೂರಿ ಇರಿತಕ್ಕೆ ಸಿಕ್ಕಿ ಸಾವಿನ ಬಾಗಿಲಿಗೆ ಹೋಗಿ ಬಂದು, ವೃತ್ತಿಪರ ರಿಂಗ್‌ಗೆ ಇಳಿಯುವಾಗ ವಯಸ್ಸು ಮೂವತ್ತು. ಉಳಿದವರು ಕೀರ್ತಿಯ ಶಿಖರದಲ್ಲಿರುವ ವಯಸ್ಸಿನಲ್ಲಿ ಅವನು ಅಆಇಈ ಬರೆಯುತ್ತಿದ್ದ. 1976ರ ಜನವರಿ 24ರಂದು ಲಾಸ್ ವೇಗಸ್‌ನಲ್ಲಿ ಫೋರ್ಮನ್ ಎದುರು ಅವನು ಆಡಿದ ಪಂದ್ಯ ಈ ಇಡೀ ಚರ್ಚೆಯ ಹೃದಯದಲ್ಲಿದೆ. ಮೊದಲ ಸುತ್ತಿನಲ್ಲೇ ಲೈಲ್‌ನ ಬಲಗೈ ಫೋರ್ಮನ್‌ನ ಕಾಲನ್ನು ತೂರಾಡಿಸಿತು. ನಾಲ್ಕನೆಯ ಸುತ್ತಂತೂ ಹುಚ್ಚು ಹೊಳೆ. ಲೈಲ್ ಹೊಡೆತಕ್ಕೆ ಫೋರ್ಮನ್ ಬಿದ್ದ. ಎದ್ದವನು ಲೈಲ್‌ನನ್ನು ಬೀಳಿಸಿದ. ಲೈಲ್ ಎದ್ದು, ಸುತ್ತು ಮುಗಿಯುವ ಹೊತ್ತಿಗೆ ಫೋರ್ಮನ್‌ನನ್ನು ಮತ್ತೆ ಮುಖ ಅಡಿಯಾಗಿ ಕೆಡವಿದ. ಐದನೆಯ ಸುತ್ತಿನಲ್ಲಿ ಇಬ್ಬರಿಗೂ ರಕ್ಷಣೆಯ ನೆನಪೇ ಇರಲಿಲ್ಲ. ಕೊನೆಗೆ ಫೋರ್ಮನ್ ಅವನನ್ನು ಮೂಲೆಗೆ ಒತ್ತಿ ಒಂದರ ಹಿಂದೊಂದು ಗುದ್ದಿದಾಗ ಲೈಲ್ ಮುಂದಕ್ಕೆ ಕುಸಿದ. ತನ್ನ ಬಾಳಿನಲ್ಲಿ ತಿಂದ ಅತಿ ಗಟ್ಟಿ ಏಟುಗಳ ಮಾತು ಬಂದಾಗಲೆಲ್ಲ ಫೋರ್ಮನ್ ಲೈಲ್ ಹೆಸರು ಹೇಳುತ್ತಿದ್ದ. ಹಾಗೆ ಹೇಳಲು ಅವನಿಗಿಂತ ದೊಡ್ಡ ಹಕ್ಕುದಾರ ಯಾರಿದ್ದಾರೆ? ಪಟ್ಟಿ ಮಾಡುವವರು ಪದೇಪದೇ ಮರೆಯುವ ಹೆಸರು ಲೈಲ್‌ನದು. ಚಾಂಪಿಯನ್ ಆಗಲಿಲ್ಲವೆಂಬ ಒಂದೇ ಕಾರಣಕ್ಕೆ ಮರೆಯುವುದು ಅನ್ಯಾಯ.

ಈಗ ಅರ್ನಿ ಶೇವರ್ಸ್. ಗೆದ್ದ ಎಪ್ಪತ್ತಕ್ಕೂ ಹೆಚ್ಚು ಪಂದ್ಯಗಳಲ್ಲಿ ಹತ್ತಕ್ಕೆ ಒಂಬತ್ತು ನಾಕೌಟ್. ತಲೆ ಬೋಳಿಸಿಕೊಂಡಿದ್ದ ಅವನ ಬಲಗೈ ಮೇಲಿನಿಂದ ವಾಲಿಕೊಂಡು ಬಂದು ಕಪಾಲಕ್ಕೋ ಕಿವಿಯ ಹಿಂದಕ್ಕೋ ಬೀಳುತ್ತಿತ್ತು. ಅಂಥ ಏಟಿಗೆ ಗದ್ದದ ಹಂಗಿಲ್ಲ, ತಲೆಯ ಯಾವ ಭಾಗಕ್ಕೆ ತಾಗಿದರೂ ಕೆಲಸವಾಗುತ್ತದೆ. 1973ರ ಜೂನ್‌ನಲ್ಲಿ ಜಿಮ್ಮಿ ಎಲ್ಲಿಸ್ ಅವನನ್ನು ಮೊದಲು ತತ್ತರಿಸುವಂತೆ ಮಾಡಿದ. ಮರುಕ್ಷಣ ಒಂದೇ ಏಟಿಗೆ ಎಲ್ಲಿಸ್ ಮೊದಲ ಸುತ್ತಿನಲ್ಲೇ ಎಣಿಕೆ ಕೇಳುತ್ತ ಮಲಗಿದ್ದ. 1979ರ ಮಾರ್ಚ್‌ನಲ್ಲಿ ನಾರ್ಟನ್ ಕೂಡ ಮೊದಲ ಸುತ್ತಿನಲ್ಲೇ ಹೋದ.

ಆದರೆ ಶೇವರ್ಸ್ ಖ್ಯಾತಿಯ ನಿಜವಾದ ಆಧಾರ ಅವನು ಸೋತ ಎರಡು ಪಂದ್ಯಗಳು. ಮೊದಲನೆಯದು 1977ರ ಸೆಪ್ಟೆಂಬರ್ 29, ಅಲಿಯೊಂದಿಗೆ. ಎರಡನೆಯ ಸುತ್ತಿನಲ್ಲಿ ಶೇವರ್ಸ್‌ನ ಬಲಗೈ ನೇರ ತಾಗಿತು. ಅಲಿಯ ಮೊಣಕಾಲು ಸಡಿಲಿತು. ಅಷ್ಟರಲ್ಲಿ ಅಲಿ ಕಣ್ಣರಳಿಸಿ, ಬಾಯಿ ತೆರೆದು, ಬೇಕೆಂದೇ ನೋವಿನ ನಟನೆ ಮಾಡಿದ. ನಿಜವಾಗಿ ನೊಂದವನು ನೊಂದಂತೆ ನಟಿಸಿದಾಗ ಶೇವರ್ಸ್ ಇದು ಬಲೆಯೆಂದು ಶಂಕಿಸಿ ನುಗ್ಗದೆ ಹಿಂಜರಿದ. ಆ ಕೆಲವು ಸೆಕೆಂಡುಗಳಲ್ಲಿ ಪಟ್ಟ ಉಳಿಯಿತು. ಹದಿನೈದು ಸುತ್ತಿನ ಬಳಿಕ ಅಲಿ ಅಂಕಗಳ ಮೇಲೆ ಗೆದ್ದ. ಆ ಏಟಿನ ನಡುಕ ಆಫ್ರಿಕದಲ್ಲಿರುವ ತನ್ನ ಬಂಧುಬಳಗಕ್ಕೂ ತಟ್ಟಿತೆಂದು ಆಮೇಲೆ ಹೇಳಿಕೊಂಡ. ಎರಡನೆಯದು 1979ರ ಸೆಪ್ಟೆಂಬರ್ 28, ಹೋಮ್ಸ್‌ನೊಂದಿಗೆ. ಏಳನೆಯ ಸುತ್ತಿನಲ್ಲಿ ಬಿದ್ದ ಬಲಗೈಗೆ ಹೋಮ್ಸ್ ಕಡಿದ ಮರದಂತೆ ಉರುಳಿದ. ಅವನು ಹೇಗೆ ಎದ್ದನೆಂಬುದು ಇಂದು ನೋಡಿದರೂ ನಂಬಲಾಗದು. ಎದ್ದು, ಉಳಿದು, ಹನ್ನೊಂದನೆಯ ಸುತ್ತಿನಲ್ಲಿ ಗೆದ್ದ. ಮುಂದೆ ಮೈಕ್ ಟೈಸನ್‌ನ ಏಟನ್ನೂ ತಿಂದ ಹೋಮ್ಸ್, ಶೇವರ್ಸ್‌ನದೇ ಹೆಚ್ಚು ಗಟ್ಟಿ ಎಂದು ಹೇಳಿದ್ದಾನೆ. ಇದು ತಳ್ಳಿಹಾಕುವ ಸಾಕ್ಷಿಯಲ್ಲ.

ಆದರೂ ಪಾಟೀಸವಾಲು ಹಾಕಲೇಬೇಕು. 1973ರ ಡಿಸೆಂಬರ್‌ನಲ್ಲಿ ಕ್ವಾರಿ ಶೇವರ್ಸ್‌ನನ್ನು ಮೊದಲ ಸುತ್ತಿನಲ್ಲೇ ಮುಗಿಸಿದ. 1975ರಲ್ಲಿ ಡೆನ್ವರ್‌ನಲ್ಲಿ ಶೇವರ್ಸ್ ಎರಡನೆಯ ಸುತ್ತಿನಲ್ಲಿ ಲೈಲ್‌ನನ್ನು ಕೆಡವಿದ, ಆದರೆ ಆರನೆಯ ಸುತ್ತಿನಲ್ಲಿ ಲೈಲ್ ಅವನನ್ನು ಮಲಗಿಸಿದ. ಅಲಿ, ಹೋಮ್ಸ್, ಲೈಲ್ ಮೂವರಿಗೂ ಆ ಮಹಾ ಏಟು ಬಿತ್ತು, ಮೂವರೂ ಉಳಿದರು, ಮೂವರೂ ಗೆದ್ದರು. ಒಂದು ಏಟಿನ ನಂತರದ ಏಟುಗಳಲ್ಲಿ ಶೇವರ್ಸ್‌ಗೆ ಕೊರತೆಯಿತ್ತು. ಅವನ ಎಡಗೈ ದಾರಿ ಮಾಡಿಕೊಡುವಷ್ಟು ಚುರುಕಿರಲಿಲ್ಲ, ದಮ್ಮು ಬೇಗ ಇಳಿಯುತ್ತಿತ್ತು. ಫೋರ್ಮನ್ ಒಮ್ಮೆ ಅಲುಗಿಸಿದವನನ್ನು ಎದ್ದು ನಿಲ್ಲಲು ಬಿಟ್ಟದ್ದು ಅಪರೂಪ. ‘ದಿ ರಿಂಗ್’ ಪತ್ರಿಕೆ 2003ರಲ್ಲಿ ಸಾರ್ವಕಾಲಿಕ ನೂರು ಗಟ್ಟಿ ಹೊಡೆತಗಾರರನ್ನು ಪಟ್ಟಿ ಮಾಡಿದಾಗ ಫೋರ್ಮನ್‌ಗೆ ಒಂಬತ್ತನೆಯ, ಶೇವರ್ಸ್‌ಗೆ ಹತ್ತನೆಯ ಸ್ಥಾನ ಕೊಟ್ಟಿತು. ಆ ಅಂಚಿನ ಅಂತರ ಸರಿಯಾದದ್ದೆಂದೇ ನನ್ನ ಎಣಿಕೆ. ಇಬ್ಬರೂ ರಿಂಗ್‌ನಲ್ಲಿ ಎದುರಾಗಲೇ ಇಲ್ಲ ಎಂಬ ಕೊರಗು ಬಾಕ್ಸಿಂಗ್ ಪ್ರೇಮಿಗಳಿಗೆ ಉಳಿದೇ ಹೋಯಿತು.

ಉಳಿದವರನ್ನು ಬೇಗ ಮುಗಿಸಬಹುದು. ನಾರ್ಟನ್‌ನ ಗುದ್ದು ಚೆನ್ನಾಗಿತ್ತು, ಆದರೆ ದೊಡ್ಡ ಹೊಡೆತಗಾರರ ಮುಂದೆ ಅವನೇ ನಿಲ್ಲಲಿಲ್ಲ. ಅರ್ಜೆಂಟೀನಾದ ಆಸ್ಕರ್ ಬೊನವೆನಾ 1966ರಲ್ಲಿ ಫ್ರೇಜಿಯರ್‌ನನ್ನು ಎರಡು ಬಾರಿ ಕೆಡವಿದ್ದ, ಎಪ್ಪತ್ತರ ದಶಕದಲ್ಲಿ ಆ ಕೈ ಮಂಕಾಯಿತು. ಸನ್ನಿ ಲಿಸ್ಟನ್ 1970ರ ಜೂನ್‌ನಲ್ಲಿ ವೆಪ್ನರ್ ಮುಖವನ್ನು ಹರಿದು ಚಿಂದಿ ಮಾಡಿದ್ದೇ ಕೊನೆ, ಅದೇ ವರ್ಷಾಂತ್ಯಕ್ಕೆ ತೀರಿಕೊಂಡ. ಅವನು ಹಿಂದಿನ ದಶಕಕ್ಕೆ ಸೇರಿದವನು. ಕ್ವಾರಿಗೆ ಮಾತ್ರ ಹೆಚ್ಚು ಮನ್ನಣೆ ಸಲ್ಲಬೇಕು. ಫಾಸ್ಟರ್, ಶೇವರ್ಸ್ ಎಂಬ ಇಬ್ಬರು ನಾಕೌಟ್ ವೀರರನ್ನು ನಾಕೌಟ್ ಮಾಡಿದವನು ಅವನು.

ಈ ಪಟ್ಟಿಗಳ ಹೊರಗೆ ನಿಂತ ಒಬ್ಬನಿದ್ದಾನೆ, ಕ್ಯೂಬಾದ ತಿಯೊಫಿಲೊ ಸ್ಟೀವನ್‌ಸನ್. 1972, 1976, 1980, ಮೂರು ಒಲಿಂಪಿಕ್ಸ್‌ಗಳಲ್ಲಿ ಹೆವಿವೇಟ್ ಚಿನ್ನ. ಮ್ಯೂನಿಕ್‌ನಲ್ಲಿ ಅಮೆರಿಕದ ಆಶಾಕಿರಣವಾಗಿದ್ದ ಡ್ಯುಯೇನ್ ಬಾಬಿಕ್‌ನನ್ನು ಮೂರನೆಯ ಸುತ್ತಿನಲ್ಲಿ ಮುರಿದ. ಮಾಂಟ್ರಿಯಲ್‌ನಲ್ಲಿ ಜಾನ್ ಟೇಟ್‌ನನ್ನು ಮೊದಲ ಸುತ್ತಿನಲ್ಲೇ ಮಲಗಿಸಿದ. ಅದೇ ಟೇಟ್ ಮೂರು ವರ್ಷದ ಬಳಿಕ ಡಬ್ಲ್ಯುಬಿಎ ವಿಶ್ವ ಚಾಂಪಿಯನ್ ಆದ ಎಂಬುದನ್ನು ನೆನೆದರೆ ಆ ಬಲಗೈಯ ಬೆಲೆ ತಿಳಿಯುತ್ತದೆ. ಲಕ್ಷಾಂತರ ಡಾಲರ್‌ಗಳ ಆಹ್ವಾನ ಬಂದರೂ ಅವನು ಕ್ಯೂಬಾ ಬಿಟ್ಟು ವೃತ್ತಿಪರ ರಿಂಗ್‌ಗೆ ಹೋಗಲಿಲ್ಲ. ಹವ್ಯಾಸಿಗಳ ಮೂರು ಸುತ್ತಿನ ಆಟವನ್ನು ಹದಿನೈದು ಸುತ್ತಿನ ಆಟದೊಡನೆ ತೂಗುವುದು ಸರಿಯಲ್ಲವಾದ್ದರಿಂದ ಅವನಿಗೆ ಅಂಕಿ ಹಾಕಲಾರೆ, ಹೆಸರನ್ನು ಬಿಡಲಾರೆ.

ಈ ಲೋಕ ನಮ್ಮ ಬಾಗಿಲಿಗೆ ತೀರ ಹತ್ತಿರ ಬಂದದ್ದು 1980ರ ಆರಂಭದಲ್ಲಿ. ಅಲಿ ಭಾರತಕ್ಕೆ ಬಂದ. ಜನವರಿ 27ರಂದು ದೆಹಲಿಯಲ್ಲಿ ನಮ್ಮ ಸೇನೆಯ ಹೆವಿವೇಟ್ ಬಾಕ್ಸರ್ ಕೌರ್ ಸಿಂಗ್ ಜೊತೆ ನಾಲ್ಕು ಸುತ್ತಿನ ಪ್ರದರ್ಶನ ಪಂದ್ಯ ನಡೆಯಿತು. ಎರಡು ವರ್ಷದ ನಂತರ ಅದೇ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಕೌರ್ ಸಿಂಗ್ ಕೊರಳಿಗೆ ಚಿನ್ನ ಬಿತ್ತು. ಮದರಾಸಿನಲ್ಲಿ ಅಲಿಯೆದುರು ಪ್ರದರ್ಶನಕ್ಕೆ ನಿಂತವನು ಜಿಮ್ಮಿ ಎಲ್ಲಿಸ್, ಫ್ರೇಜಿಯರ್‌ನ ಹುಕ್ ಮತ್ತು ಶೇವರ್ಸ್‌ನ ಬಲಗೈ ಎರಡನ್ನೂ ತಿಂದು ಉಳಿದವನು. ಬೆಂಗಳೂರಿನಿಂದ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದಲ್ಲಿ, ಈ ಲೇಖನದ ಅರ್ಧ ಚರಿತ್ರೆಯನ್ನು ಮೈಯಲ್ಲಿ ಹೊತ್ತ ಇಬ್ಬರು ನಿಂತಿದ್ದರು.

ಆ ಚರಿತ್ರೆ ಮೈಯಲ್ಲೇ ಉಳಿಯಿತು ಎಂಬುದೇ ಸಂಕಟದ ಮಾತು. ಶೇವರ್ಸ್ ಪಂದ್ಯದ ನಂತರ ಅಲಿಯ ವೈದ್ಯ ಫರ್ಡಿ ಪಚೆಕೊ, ಮೂತ್ರಪಿಂಡಕ್ಕಾದ ಹಾನಿಯನ್ನು ತೋರಿಸುವ ವರದಿ ಕಳುಹಿಸಿ, ಆಟ ಬಿಡಲು ಹೇಳಿ, ಉತ್ತರ ಬಾರದಿದ್ದಾಗ ಬಳಗವನ್ನೇ ತೊರೆದ. ಅಲಿ ಆಮೇಲೂ ಆಡಿದ. 1984ರಲ್ಲಿ ಪಾರ್ಕಿನ್ಸನ್ ಲಕ್ಷಣಗಳು ಪತ್ತೆಯಾದವು. ಮಾತಿನ ಮಲ್ಲನೆಂದು ಜಗತ್ತು ಕರೆದವನ ಮಾತೇ ಮೊದಲು ಹೋಯಿತು. ಕ್ವಾರಿ 1999ರಲ್ಲಿ, 53ನೆಯ ವಯಸ್ಸಿಗೆ, ತನ್ನ ಅನ್ನವನ್ನು ತಾನೇ ತಿನ್ನಲಾಗದ ಸ್ಥಿತಿಯಲ್ಲಿ ತೀರಿಕೊಂಡ. ತಲೆಗೆ ಬಿದ್ದ ಏಟುಗಳ ಫಲ ಅದು. ಒಂದು ಹನಿ ರಕ್ತಕ್ಕೆ ಕಾಳಗ ನಿಲ್ಲಿಸುವ ಮೈಸೂರಿನ ಜಟ್ಟಿಗಳ ನಿಯಮವನ್ನು ಕ್ರೂರವೆಂದು ಮುಖ ಸಿಂಡರಿಸುವವರು ಈ ಎರಡು ಬಾಳುಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಜರಗನಹಳ್ಳಿಯ ಜಿಮ್‌ಗಳಲ್ಲಿ ಬ್ಯಾಗಿಗೆ ಗುದ್ದುವ ಹುಡುಗರಿಗೂ ಇದೇ ಮಾತು: ಬ್ಯಾಗಿಗೆ ಎಷ್ಟು ಬೇಕಾದರೂ ಗುದ್ದಿ. ಗೆಳೆಯನ ತಲೆಗೆ ಗುದ್ದುವ ಮೊದಲು ಒಬ್ಬ ತಿಳಿದ ಕೋಚ್ ಪಕ್ಕದಲ್ಲಿರಲಿ, ಏಟು ಬಿದ್ದು ತಲೆ ಸುತ್ತಿದರೆ ಆ ದಿನಕ್ಕೆ ಆಟ ನಿಲ್ಲಲಿ.

ಇನ್ನು ತೀರ್ಪು. ಒಂದೇ ಒಂದು ಏಟನ್ನು ತಕ್ಕಡಿಗೆ ಹಾಕುವುದಾದರೆ ಶೇವರ್ಸ್‌ನ ಬಲಗೈಯೇ ಆ ದಶಕದ ಅತಿ ಭಾರದ ಏಟು, ತಿಂದವರ ಮಾತನ್ನು ಮೀರಿ ಹೇಳಲು ನಮಗೆ ಹಕ್ಕಿಲ್ಲ. ಆದರೆ ಗಟ್ಟಿ ಹೊಡೆತಗಾರ ಎಂದರೆ ಆ ಬಲದಿಂದ ದೊಡ್ಡವರನ್ನು ಮುಗಿಸಿದವನು ಎಂದೇ ನಾನು ಎಣಿಸುತ್ತೇನೆ. ಫ್ರೇಜಿಯರ್, ನಾರ್ಟನ್, ಲೈಲ್, ಚುವಾಲೊ ನಾಲ್ವರನ್ನೂ ಮುಗಿಸಿದ, ಎರಡೂ ಕೈಗಳಲ್ಲಿ ಬಲವಿದ್ದ, 1994ರಲ್ಲಿ 45ನೆಯ ವಯಸ್ಸಿನಲ್ಲೂ ಒಂದು ಬಲಗೈ ಏಟಿನಿಂದ ಮೈಕಲ್ ಮೂರರ್‌ನನ್ನು ಮಲಗಿಸಿ ವಿಶ್ವಪಟ್ಟ ಮರಳಿ ಪಡೆದ ಫೋರ್ಮನ್ ಮೊದಲಿಗ. ಎರಡನೆಯವನು ಶೇವರ್ಸ್. ಮೂರನೆಯದು ಫ್ರೇಜಿಯರ್‌ನ ಎಡಗೈ. ನಾಲ್ಕನೆಯವನು ಲೈಲ್, ಅವನಿಗೂ ಮೂರನೆಯವನಿಗೂ ನಡುವೆ ಕೂದಲೆಳೆಯ ಅಂತರ. ಐದನೆಯವನು ಕ್ವಾರಿ. ಒಪ್ಪದವರು ಹೋಮ್ಸ್–ಶೇವರ್ಸ್ ಪಂದ್ಯದ ಏಳನೆಯ ಸುತ್ತನ್ನು ನೋಡಲಿ, ಅದರ ಬೆನ್ನಿಗೇ ಕಿಂಗ್‌ಸ್ಟನ್‌ನ ಎರಡು ಸುತ್ತುಗಳನ್ನು ನೋಡಲಿ. ಆಮೇಲೂ ಶೇವರ್ಸ್ ಮೊದಲಿಗನೆನ್ನುವವರ ಜೊತೆ ನನ್ನ ಜಗಳವಿಲ್ಲ.